ಅಸನ್ ಗಲ್ಲಿಯ ಬಾವುಟದ ಟೈಲರ್

ನೇಪಾಳದ ಪೋಖರಾ ಬಗ್ಗೆ ಹೇಳೋಕೆ ಹೆಚ್ಚೇನೂ ಇಲ್ಲ. ಮೋಡ ಕವಿದಿತ್ತು, ಮಚ್ಛಾಪುಛ್ರೆ ಶಿಖರ ಕಾಣಲೇ ಇಲ್ಲ. ಕಠ್ಮಂಡುವಿನಲ್ಲಿ ಪ್ರವಾಸಿಗರ ಪೇಟೆ ತಮೇಲ್ ಕೂಡ ನನಗೆ ಹಿಡಿಸಲಿಲ್ಲ. ಟೀ ಶರ್ಟು, ಟ್ರೆಕಿಂಗ್ ಬ್ಯಾಗು, ಜೋರು ಹಾಡು, ಅಷ್ಟೇ. ಅಲ್ಲಿಂದ ನಡೆದೇ ಅಸನ್ ಬಜಾರಿಗೆ ಬನ್ನಿ. ಮಸಾಲೆ ಮೂಟೆ, ಹಿತ್ತಾಳೆ ಪಾತ್ರೆ, ಒಣಮೀನು, ನಡುವೆ ಅನ್ನಪೂರ್ಣೆಯ ಗುಡಿ. ಅಲ್ಲೇ ಒಂದು ಗಲ್ಲಿಯಲ್ಲಿ ಬಾವುಟ ಹೊಲಿಯುತ್ತಿದ್ದ ವಯಸ್ಸಾದ ಟೈಲರ್ ಸಿಕ್ಕಿದರು.

ದೇಶಗಳ ಬಾವುಟಗಳಲ್ಲಿ ನಾಲ್ಕು ಮೂಲೆ ಇಲ್ಲದ್ದು ನೇಪಾಳದ್ದೊಂದೇ. ಒಂದರ ಮೇಲೊಂದು ಎರಡು ತ್ರಿಕೋನ. ಮೇಲೆ ಬಿಳಿ ಚಂದ್ರ, ಕೆಳಗೆ 12 ಮೊನೆಯ ಸೂರ್ಯ. ದೇಶ ಸೂರ್ಯ ಚಂದ್ರರಷ್ಟು ಕಾಲ ಬಾಳಲಿ ಅನ್ನುವ ಹಾರೈಕೆ. ನಮ್ಮ ಶಾಸನದ ಕಲ್ಲುಗಳ ನೆತ್ತಿಯಲ್ಲಿ ಇರೋದೂ ಇವೇ ಅಲ್ವಾ? ಇಷ್ಟು ಗೊತ್ತಿತ್ತು. ಇದನ್ನು ಕತ್ತರಿಸೋದು ಹೇಗೆ ಅಂತ ಮಾತ್ರ ಯೋಚಿಸಿರಲೇ ಇಲ್ಲ.

"ಬೇರೆ ದೇಶದ್ದಾದರೆ ಅಳತೆ ಹಿಡಿದು ಹರಿದರೆ ಆಯ್ತು. ನಮ್ಮದರಲ್ಲಿ ಚೂರುಬಟ್ಟೆ ಜಾಸ್ತಿ" ಅಂದರು ಹಿಂದಿಯಲ್ಲಿ. ಎರಡು ತ್ರಿಕೋನ ಸೇರುವ ಒಳಮೂಲೆಗೆ ಕತ್ತರಿಯ ತುದಿಯಿಂದ ಸಣ್ಣ ಕಚ್ಚು ಹಾಕಿದರು. ಹಾಗೆ ಹಾಕದಿದ್ದರೆ ಅಂಚಿನ ನೀಲಿ ಪಟ್ಟಿ ಅಲ್ಲಿ ನೆರಿಗೆ ಬೀಳುತ್ತದಂತೆ. ಆಮೇಲೆ ಮೆಷಿನ್ ಸೂಜಿಯನ್ನು ಬಟ್ಟೆಯಲ್ಲೇ ನಿಲ್ಲಿಸಿ, ಬಾವುಟವನ್ನು ಗರ್ರನೆ ತಿರುಗಿಸಿ, ಮತ್ತೆ ಹೊಲಿದರು. ನೆರಿಗೆ ಇಲ್ಲ!

"ಅಳತೆ ಯಾರು ಕೊಟ್ಟಿದ್ದು, ದಾಯಿ?" ಅಂದೆ. ದಾಯಿ ಅಂದರೆ ನೇಪಾಳಿಯಲ್ಲಿ ಅಣ್ಣ.

"ಸಂವಿಧಾನ!"

ತಮಾಷೆ ಅಲ್ಲ. 2015ರ ಸಂವಿಧಾನದ ಮೊದಲ ಅನುಸೂಚಿಯೇ ಜ್ಯಾಮಿತಿಯ ಪಾಠ. ತಳದ ಗೆರೆಯ ಉದ್ದಕ್ಕೆ ಅದರ ಮೂರನೇ ಒಂದು ಭಾಗ ಸೇರಿಸಿದರೆ ಕೋಲಿನ ಬದಿಯ ಎತ್ತರ. ಹೀಗೆ ಗೆರೆ, ಕಮಾನು ಎಳೆಯುತ್ತಾ 24 ಹಂತ. ಕಡೆಗೆ ನೀಲಿ ಅಂಚು. ಮೊಮ್ಮಗನಿಗೆ ಶಾಲೆಯಲ್ಲಿ ಇದನ್ನೇ ಬರೆಯೋಕೆ ಕೊಟ್ಟಿದ್ದರಂತೆ. ಹುಡುಗ ಕಂಪಾಸ್ ಪೆಟ್ಟಿಗೆ ಎಸೆದು ಅತ್ತನಂತೆ.

"ಅಪ್ಪನ ಕಾಲದಲ್ಲಿ ಇನ್ನೂ ಕಷ್ಟ. ಸೂರ್ಯ ಚಂದ್ರರಿಗೆ ಮುಖ ಇತ್ತು. ಕಣ್ಣು, ಮೂಗು, ಬಾಯಿ ಎಲ್ಲಾ ಮೂಡಿಸಬೇಕಿತ್ತು." ಹೌದು, 1962ರ ಡಿಸೆಂಬರಿನಲ್ಲಿ ಈಗಿನ ರೂಪ ಬಂದಾಗಲೇ ಆ ಮುಖಗಳು ಹೋಗಿದ್ದು.

ದುಡ್ಡಿನ ವಿಷಯ ಹೇಳಲೇಬೇಕು. ನಮ್ಮ 100 ರೂಪಾಯಿಗೆ ಅಲ್ಲಿನ 160. ದರ 1993ರಿಂದ ಹೀಗೇ ಇದೆ. ಬೆಳಿಗ್ಗೆ ಟ್ಯಾಕ್ಸಿಯವನೊಬ್ಬ "ಇಲ್ಲೆಲ್ಲಾ 150 ಸಾರ್" ಅಂತ ಮುಖ ನೋಡಿಕೊಂಡೇ ಕಿತ್ತಿದ್ದ. ಲಗೇಜು ಇನ್ನೂ ಡಿಕ್ಕಿಯಲ್ಲೇ ಇತ್ತು, ಜಗಳ ಆಡೋ ಹಾಗಿರಲಿಲ್ಲ. ಹತ್ತುವ ಮೊದಲೇ ನೇಪಾಳಿ ರೂಪಾಯಿ ಮಾಡಿಸಿಕೊಳ್ಳಿ.

ಕೈಯಗಲದ ಒಂದು ಬಾವುಟ ಕೊಂಡೆ. ಟೈಲರ್ ಸೀಮೆಸುಣ್ಣದಲ್ಲಿ ಮೇಜಿನ ಮೇಲೇ 160ರ ಲೆಕ್ಕ ಬರೆದು, ಚಿಲ್ಲರೆ ಎಣಿಸಿ ಕೊಟ್ಟರು. ಒಳಮೂಲೆ ತಿರುಗಿಸಿ ನೋಡಿದೆ. "ಎಷ್ಟು ಬೇಕಾದ್ರೂ ನೋಡಿ" ಅಂದು ಮುಂದಿನದಕ್ಕೆ ಬಟ್ಟೆ ಹಾಸಿದರು.