ಇಳಿಜಾರಿನ ಸೈಟಿನಲ್ಲಿ ಕಾರಿಗೆ ಜಾಗ

20 ಅಕ್ಟೋಬರ್ 2024, ಭಾನುವಾರ
ರಾಜರಾಜೇಶ್ವರಿ ನಗರ, ಬೆಂಗಳೂರು

ಕಾರಿನ ಜಾಗ ಇವತ್ತು ತೀರ್ಮಾನವಾಯಿತು. ರಸ್ತೆ ಬದಿಯಲ್ಲೇ, ನೈಋತ್ಯ ಮೂಲೆಯಲ್ಲಿ. ಅತ್ತೆಯೂ ಒಪ್ಪಿದರು. ಕಾರು ನಿಲ್ಲಿಸೋಕೆ ಇಷ್ಟೊಂದು ಯೋಚನೆ ಬೇಕಾ ಅಂತ ಯಾರಿಗಾದರೂ ಅನ್ನಿಸಬಹುದು. ಮಟ್ಟಸವಾದ ಸೈಟಿಗೆ ಬೇಡ. ಇಳಿಜಾರಿನಲ್ಲಿ ಹಾಗಲ್ಲ. ಕಾರು ಎಷ್ಟು ಎತ್ತರದಲ್ಲಿ ನಿಲ್ಲುತ್ತದೆ ಅಂತ ಗೊತ್ತಾದ ಮೇಲೇ ಮನೆಯ ನೆಲ ಎಲ್ಲಿ, ಮೆಟ್ಟಿಲು ಎಷ್ಟು, ಮಳೆ ನೀರು ಯಾವ ಕಡೆ ಅಂತ ಹೇಳಲು ಸಾಧ್ಯ. ಅದಕ್ಕೇ ಲೆಕ್ಕವನ್ನೆಲ್ಲ ಇಲ್ಲಿ ಬರೆದಿಡುತ್ತಿದ್ದೇನೆ. ಇಂಥದ್ದೇ ಸೈಟ್ ಇರುವವರಿಗೆ ಉಪಯೋಗವಾಗಲಿ.

ನಮ್ಮದು 40×60 ಸೈಟು. ಪಶ್ಚಿಮಕ್ಕೆ ರಸ್ತೆ. ರಸ್ತೆಯಿಂದ ಹಿಂದಕ್ಕೆ, ಅಂದರೆ ಪೂರ್ವಕ್ಕೆ, 60 ಅಡಿಯಲ್ಲಿ 7 ಅಡಿ ಇಳಿಯುತ್ತದೆ. ರಸ್ತೆಯೇ ದಕ್ಷಿಣದಿಂದ ಉತ್ತರಕ್ಕೆ ಇಳಿಯುತ್ತದೆ. ನಮ್ಮ ಸೈಟಿನ 40 ಅಡಿ ಅಗಲದಲ್ಲಿ ಅದು ಒಂದೂವರೆ ಅಡಿ. ಮೇಸ್ತ್ರಿ ನೀರು ತುಂಬಿದ ಟ್ಯೂಬ್ ಹಿಡಿದು ನಾಲ್ಕೂ ಮೂಲೆಯ ಮಟ್ಟ ಗುರುತು ಮಾಡಿಕೊಟ್ಟರು. ಈಶಾನ್ಯ ಎಲ್ಲಕ್ಕಿಂತ ತಗ್ಗು, ನೈಋತ್ಯ ಎಲ್ಲಕ್ಕಿಂತ ಎತ್ತರ. ಅತ್ತೆಗೆ ಸೈಟ್ ಇಷ್ಟವಾಗಿದ್ದೇ ಇದಕ್ಕೆ. ವಾಸ್ತು ಕೇಳುವುದೂ ಇದನ್ನೇ ಅಲ್ವಾ.

ಬೆಂಗಳೂರು ಚಪ್ಪಟೆ ಊರು ಅಂದುಕೊಂಡವರು ಜಾಸ್ತಿ. ಊರು ಕೂತಿರುವುದು ಒಂದು ಎತ್ತರದ ದಿಣ್ಣೆಯ ಮೇಲೆ. ಒಂದು ಕಡೆ ಬಿದ್ದ ಮಳೆ ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ನಮ್ಮ ಕಡೆಯದು ವೃಷಭಾವತಿ ಸೇರಿ, ಅರ್ಕಾವತಿಗೆ ಹೋಗಿ, ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ಗಿರಿನಗರ, ಹನುಮಂತನಗರ, ನಮ್ಮ ಈ ಬಡಾವಣೆ, ಎಲ್ಲ ಕಡೆ ಏರು ಇಳಿವು ಇದ್ದೇ ಇದೆ. ಆ ನೀರಿನ ದಾರಿ ನೋಡದೆ ಪಾಯ ತೋಡಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಈ ವಾರ ಊರಿಡೀ ಜೋರು ಮಳೆ. ಖಾಲಿ ಸೈಟ್ ನೋಡೋಕೆ ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ಕೆಂಪು ಮಣ್ಣಿನ ಮೇಲೆ ನೀರು ಹರಿದ ಗೆರೆಗಳು ಹಾಗೇ ಉಳಿದಿದ್ದವು. ರಸ್ತೆ ನೀರು ನೈಋತ್ಯದ ಕಡೆಯಿಂದ ಒಳಗೆ ನುಗ್ಗಿ, ಸೈಟನ್ನು ಓರೆಯಾಗಿ ದಾಟಿ, ಈಶಾನ್ಯದಿಂದ ಹಿಂದಿನವರ ಜಾಗಕ್ಕೆ ಇಳಿದಿದೆ.

ಮೇಸ್ತ್ರಿ ಮೊದಲ ದಿನವೇ ಹೇಳಿದ್ದರು, "ಮಣ್ಣು ಹೊಡೆಸಿ ರಸ್ತೆ ಮಟ್ಟಕ್ಕೆ ತಂದುಬಿಡೋಣ ಮೇಡಂ, ತಲೆನೋವೇ ಇರಲ್ಲ." ಸುತ್ತಮುತ್ತ ತುಂಬಾ ಜನ ಹಾಗೆ ಮಾಡಿದ್ದಾರೆ. ನನಗೆ ಮನಸ್ಸು ಬರಲಿಲ್ಲ. ಹಾಗೆ ತುಂಬಿದರೆ ಹಿಂದುಗಡೆ 7 ಅಡಿ ಮಣ್ಣು ತಡೆಯುವ ಗೋಡೆ ಬೇಕು. ಮಣ್ಣಿನ ತಳ್ಳುವಿಕೆ ಕೆಳಗೆ ಹೋದಷ್ಟೂ ಹೆಚ್ಚುತ್ತದೆ. ಗೋಡೆಯ ಎತ್ತರ ಎರಡರಷ್ಟಾದರೆ ಒಟ್ಟು ತಳ್ಳುವ ಬಲ ನಾಲ್ಕರಷ್ಟು, ಗೋಡೆಯನ್ನು ಬುಡದಿಂದ ಉರುಳಿಸುವ ಪರಿಣಾಮ ಎಂಟರಷ್ಟು. ಮಳೆಗಾಲದಲ್ಲಿ ಮಣ್ಣು ನೀರು ಕುಡಿದರೆ ಇನ್ನೂ ಜಾಸ್ತಿ. ಗೋಡೆಯಲ್ಲಿ ನೀರು ಹೊರಗೆ ಬರಲು ತೂತು, ಅದರ ಹಿಂದೆ ಜಲ್ಲಿ, ಇದೆಲ್ಲ ಇಲ್ಲದಿದ್ದರೆ ಗೋಡೆ ಹೊಟ್ಟೆ ಬಿಡುತ್ತದೆ. ಆ ಕಡೆ ಇನ್ನೊಬ್ಬರ ಮನೆ ಬರುತ್ತದೆ, ಅವರ ಮಕ್ಕಳು ಆಡುತ್ತಾರೆ. ಮೇಲಾಗಿ ತುಂಬಿದ ಮಣ್ಣಿನ ಮೇಲೆ ಪಾಯ ಕೂರಿಸುವಂತಿಲ್ಲ. ಅದು ವರ್ಷಗಟ್ಟಲೆ ಕುಸಿಯುತ್ತಾ ಇರುತ್ತದೆ. ಕಂಬಗಳು ಹೇಗೂ ಹಳೆಯ ಗಟ್ಟಿ ನೆಲದವರೆಗೆ ಇಳಿಯಲೇಬೇಕು. ಹಾಗಿದ್ದ ಮೇಲೆ ಲೋಡುಗಟ್ಟಲೆ ಮಣ್ಣಿಗೆ ಯಾಕೆ ದುಡ್ಡು?

ಮೈದುನನ ಯೋಚನೆ ಬೇರೆ. ತಗ್ಗು ಹೇಗೂ ಇದೆ, ಕಾರನ್ನು ಮನೆ ಕೆಳಗೆ ಇಳಿಸೋಣ, ಮೇಲೆ ಪೂರ್ತಿ ಮನೆಗೇ ಸಿಗುತ್ತದೆ ಅಂತ. ಕೇಳೋಕೆ ಚೆನ್ನಾಗಿದೆ. ಆದರೆ ಕಾರಿನ ರ‍್ಯಾಂಪ್ 8 ಅಡಿಗೆ 1 ಅಡಿ ಇಳಿದರೆ ಸರಿ. ಅದಕ್ಕಿಂತ ಕಡಿದಾದರೆ ಮಳೆಯಲ್ಲಿ ಚಕ್ರ ಜಾರಬಹುದು. 7 ಅಡಿ ಇಳಿಯೋಕೆ 56 ಅಡಿ ರ‍್ಯಾಂಪ್. ಸೈಟ್ ಇರುವುದೇ 60 ಅಡಿ! ಬಿದ್ದ ಮಳೆಯೆಲ್ಲ ಅದೇ ರ‍್ಯಾಂಪಿನಲ್ಲಿ ಹರಿದು ಕಾರಿನ ಬುಡಕ್ಕೇ ಬರುತ್ತದೆ. ಕಾಗದದ ಮೇಲೆ ಈ ಲೆಕ್ಕ ಬರೆದು ತೋರಿಸಿದ ಮೇಲೆ ಅವನೂ ಸುಮ್ಮನಾದ. ಕಾರು ರಸ್ತೆ ಮಟ್ಟದಲ್ಲೇ ಇರಬೇಕು, ಮನೆ ಬೇಕಾದರೆ ಹಿಂದೆ ಇಳಿಯಲಿ. ಇಲ್ಲಿಯವರೆಗೆ ಎಲ್ಲರಿಗೂ ಒಪ್ಪಿಗೆಯಾಯಿತು.

ಕಷ್ಟ ಬಂದಿದ್ದು ವಾಯವ್ಯವಾ, ನೈಋತ್ಯವಾ ಅನ್ನೋದರಲ್ಲಿ.

"ನೈಋತ್ಯದಲ್ಲಿ ಯಾರಾದ್ರೂ ಕಾರು ನಿಲ್ಲಿಸ್ತಾರಾ ಅಮ್ಮ? ಅದು ಯಜಮಾನರ ಜಾಗ. ಗಾಡಿಗೆ ವಾಯವ್ಯವೇ ಸರಿ," ಅಂತ ಅತ್ತೆ. ಅವರ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಈ ಮನೆಯಲ್ಲಿ ದಿನದ ಹೆಚ್ಚು ಹೊತ್ತು ಇರುವವರು ಅವರು. ಆದರೆ ಮಾವನ ಮಂಡಿ ನೋವು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆ. ಅವರು ಕಾರಿನಿಂದ ಇಳಿದು ಮೆಟ್ಟಿಲು ಹತ್ತದೆ ತಮ್ಮ ರೂಮಿಗೆ ಹೋಗುವಂತಿರಬೇಕು. ಈ ಮನೆ ಕಟ್ಟಲು ಹೊರಟಾಗ ನಾನೂ ನಮ್ಮ ಮನೆಯವರೂ ಮೊದಲು ಮಾತಾಡಿಕೊಂಡಿದ್ದು ಇದನ್ನೇ.

ಮಟ್ಟದ ಲೆಕ್ಕ ಹೀಗಿದೆ. ಕಾರು ನಿಲ್ಲುವ ನೆಲ ರಸ್ತೆಗಿಂತ 9 ಇಂಚು ಮೇಲಿರಬೇಕು. ಡಾಂಬರು ಹಾಕಿದಾಗಲೆಲ್ಲ ರಸ್ತೆ ಏರುತ್ತಾ ಬರುತ್ತದೆ. ಹಳೆಯ ಬಡಾವಣೆಗಳಲ್ಲಿ ಎಷ್ಟೋ ಮನೆಗಳ ಬಾಗಿಲು ಈಗ ರಸ್ತೆಗಿಂತ ಕೆಳಗಿದೆ. ಮನೆಯ ನೆಲ ಕಾರಿನ ನೆಲಕ್ಕಿಂತ 6 ಇಂಚು ಮೇಲೆ. ನೈಋತ್ಯದಲ್ಲಿ ಈ 6 ಇಂಚನ್ನು 6 ಅಡಿ ಉದ್ದದ ಸಣ್ಣ ಇಳಿಜಾರಿನಲ್ಲಿ ದಾಟಬಹುದು. 12ಕ್ಕೆ 1, ಗಾಲಿ ಕುರ್ಚಿಗೂ ಸರಿಹೋಗುವ ಲೆಕ್ಕ. ವಾಯವ್ಯದಲ್ಲಿ ರಸ್ತೆಯೇ ಒಂದೂವರೆ ಅಡಿ ಕೆಳಗಿರುವುದರಿಂದ ಕಾರಿಗೂ ಮನೆಗೂ ಎರಡು ಅಡಿ ವ್ಯತ್ಯಾಸ. ನಾಲ್ಕು ಮೆಟ್ಟಿಲು, ಇಲ್ಲವೇ 24 ಅಡಿ ಇಳಿಜಾರು. ಮನೆಯ ನೆಲವನ್ನೇ ತಗ್ಗಿಸೋಣ ಅಂದರೆ ನೈಋತ್ಯದ ಕಡೆ ರಸ್ತೆ ನೀರು ಮನೆಯೊಳಗೆ ಬರುತ್ತದೆ.

ಇವತ್ತು ಬೆಳಿಗ್ಗೆ ಎಲ್ಲರೂ ಸೈಟಿಗೆ ಹೋದೆವು. ಸುಣ್ಣದ ಪುಡಿಯಲ್ಲಿ ರೂಮುಗಳ ಗೆರೆ ಹಾಕಿದೆವು. ವಾಯವ್ಯದಲ್ಲಿ ಸಾಲಿಡ್ ಬ್ಲಾಕ್ ಜೋಡಿಸಿ ನಾಲ್ಕು ಮೆಟ್ಟಿಲು ಮಾಡಿ, ಮಾವನಿಗೆ ಹತ್ತಿ ನೋಡಿ ಅಂದೆವು. ಅವರು ಮಗನ ಭುಜ ಹಿಡಿದು, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಇಟ್ಟು ಹತ್ತಿದರು. "ಇವತ್ತು ಹತ್ತಬಹುದಪ್ಪ. ಇನ್ನು ಹತ್ತು ವರ್ಷಕ್ಕೆ?" ಅಂದರು. ಅತ್ತೆ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಕಾರು ಆ ಕಡೆಯೇ ಇರಲಿ ಬಿಡಿ. ದೇವರ ಮನೆ ಮಾತ್ರ ಈಶಾನ್ಯಕ್ಕೇ ಬರಬೇಕು, ಅದರಲ್ಲಿ ನಾನು ಬಿಟ್ಟುಕೊಡಲ್ಲ," ಅಂದರು. ಬರುತ್ತದೆ. ಅಡುಗೆ ಮನೆಯೂ ಆಗ್ನೇಯಕ್ಕೆ ಸರಿಯಾಗಿ ಕೂರುತ್ತದೆ. ವಾಯವ್ಯದಲ್ಲಿ ಅವರಿಬ್ಬರ ರೂಮು. ಕಾರಿನ ಮೇಲೆ, ಮಹಡಿಯ ನೈಋತ್ಯದಲ್ಲಿ, ನಮ್ಮ ರೂಮು.

ಗ್ಯಾರೇಜಿನ ಅಳತೆಗೆ ಬರುತ್ತೇನೆ. ಒಳಗೆ 18 ಅಡಿ ಉದ್ದ, 11 ಅಡಿ ಅಗಲ. ನಮ್ಮ ಕಾರು 4 ಮೀಟರಿನ ಒಳಗಿನದು, ಅಂದರೆ 13 ಅಡಿ ಚಿಲ್ಲರೆ. ಹಿಂದೆ ಡಿಕ್ಕಿ ತೆಗೆದು ಸಾಮಾನು ಇಳಿಸಿಕೊಳ್ಳಲು ಜಾಗ ಸಿಗುತ್ತದೆ. ಮುಂದೆ ಸ್ವಲ್ಪ ದೊಡ್ಡ ಕಾರು ಬಂದರೂ ಹಿಡಿಯುತ್ತದೆ. ಮಾವ ಕೂರುವುದು ಮುಂದೆ ಎಡಗಡೆ. ಕಾರನ್ನು ನೇರ ಒಳಗೆ ತಂದರೆ ಎಡಗಡೆ ಬಾಗಿಲು ಉತ್ತರಕ್ಕೆ, ಮನೆಯ ಕಡೆಗೇ ತೆರೆಯುತ್ತದೆ. ಆ ಬದಿಯಲ್ಲಿ ಮೂರೂವರೆ ಅಡಿ ಬಿಟ್ಟು, ಕಾಂಪೌಂಡ್ ಕಡೆ ಕಡಿಮೆ ಇಟ್ಟುಕೊಂಡಿದ್ದೇವೆ. ಹೀಗೆ ತಂದರೆ ಹೊರಗೆ ಹೋಗುವಾಗ ರಿವರ್ಸ್ ತೆಗೆಯಬೇಕು. ರಸ್ತೆಯಲ್ಲಿ ಮಕ್ಕಳು ಸೈಕಲ್ ಹೊಡೆಯುತ್ತಾರೆ. ಅದಕ್ಕೆ ಗೇಟಿನ ಎರಡೂ ಪಕ್ಕ ಗೋಡೆ ಎತ್ತರಿಸದೆ ಗ್ರಿಲ್ ಹಾಕುತ್ತೇವೆ.

9 ಇಂಚು ಏರಲು ಗೇಟಿನ ಒಳಗೇ 6 ಅಡಿ ರ‍್ಯಾಂಪ್. ಮನೆ ಮುಂದೆ ಹೇಗೂ ಬಿಡಬೇಕಾದ ಜಾಗ ಇದಕ್ಕೆ ಆಗುತ್ತದೆ. ಚರಂಡಿ ಮೇಲೆ, ಫುಟ್‌ಪಾತ್ ಮೇಲೆ ರ‍್ಯಾಂಪ್ ಚಾಚುವುದು ನನಗೆ ಒಪ್ಪಿಗೆಯಿಲ್ಲ. ಚರಂಡಿ ಕಟ್ಟಿಕೊಂಡರೆ ನೀರು ನಮ್ಮ ಕೆಳಗಿನ ಮನೆಯವರಿಗೆ ನುಗ್ಗುತ್ತದೆ. ನಡೆಯುವವರು ರಸ್ತೆಗೆ ಇಳಿಯಬೇಕಾಗುತ್ತದೆ. ರ‍್ಯಾಂಪಿನ ಮೊದಲ ಎರಡು ಅಡಿ, ಕೊನೆಯ ಎರಡು ಅಡಿ ಅರ್ಧ ಇಳಿಜಾರು ಮಾಡಿದರೆ ಕಾರಿನ ಹೊಟ್ಟೆ ತಾಗುವುದಿಲ್ಲ. ಆಗ ಉದ್ದ 8 ಅಡಿಯಾಗುತ್ತದೆ, ಪರವಾಗಿಲ್ಲ. ರ‍್ಯಾಂಪ್ ಒಳಗೆ ಏರುವುದರಿಂದ ಒಳಗೆ ತೆರೆಯುವ ಗೇಟ್ ನೆಲಕ್ಕೆ ಸಿಕ್ಕಿಕೊಳ್ಳುತ್ತದೆ. ಪಕ್ಕಕ್ಕೆ ಸರಿಯುವ ಗೇಟೇ ಬೇಕು.

ಗ್ಯಾರೇಜಿನ ಕೆಳಗೆ ಸಂಪ್. ಟ್ಯಾಂಕರ್ ಪೈಪು ರಸ್ತೆಯಿಂದಲೇ ಎಟುಕಬೇಕು. ಈ ಬೇಸಿಗೆಯಲ್ಲಿ ಟ್ಯಾಂಕರ್ ನೀರಿಗೆ ಊರೆಲ್ಲ ಒದ್ದಾಡಿದ್ದು ಮರೆಯುವ ಹಾಗಿಲ್ಲ. ಮುಚ್ಚಳದ ಸುತ್ತ ಕಟ್ಟೆ ಎತ್ತರಿಸಿ, ಚಕ್ರ ಹೋಗದ ಮೂಲೆಯಲ್ಲಿ ಇಡಬೇಕು. ಇಲ್ಲದಿದ್ದರೆ ಕಾರು ತೊಳೆದ ನೀರು ಸಂಪಿಗೇ ಇಳಿಯುತ್ತದೆ. ಮಳೆ ನೀರಿನ ತೊಟ್ಟಿ ಬೇರೆ, ಅದು ಈಶಾನ್ಯದಲ್ಲಿ. ನೀರು ತಾನಾಗಿ ಅಲ್ಲಿಗೆ ಬರುತ್ತದೆ. ನಮ್ಮಂಥ ಸೈಟಿಗೆ ಮಳೆ ನೀರು ಸಂಗ್ರಹ 2009ರಿಂದ ಕಡ್ಡಾಯ. ಕಡ್ಡಾಯ ಇಲ್ಲದಿದ್ದರೂ ಮಾಡುತ್ತಿದ್ದೆವು. 1500 ಚದರ ಅಡಿ ತಾರಸಿಯ ಮೇಲೆ ಒಂದು ಇಂಚು ಮಳೆ ಬಿದ್ದರೆ ಮೂರೂವರೆ ಸಾವಿರ ಲೀಟರ್ ನೀರು! ತುಂಬಿ ಉಳಿದದ್ದು ಇಂಗುಗುಂಡಿಗೆ.

ಮನೆಯ ಹಿಂಬದಿಯಲ್ಲಿ ನೆಲಕ್ಕೂ ಮಣ್ಣಿಗೂ ಏಳೂವರೆ ಅಡಿ ಅಂತರ ಸಿಗುತ್ತದೆ. ಒಂದೂವರೆ ಅಡಿ ಅಗೆದರೆ ಅಂಗಳಕ್ಕೆ ತೆರೆಯುವ ಒಳ್ಳೆಯ ರೂಮು. ಅಲ್ಲಿ ಮಲಗುವ ಕೋಣೆ ಮಾಡುವ ಆಸೆ ನಮ್ಮ ಮನೆಯವರಿಗಿತ್ತು. ರಸ್ತೆಯ ಮ್ಯಾನ್‌ಹೋಲ್ ತೆಗೆದಾಗ ನೋಡಿದೆವು, ಒಳಚರಂಡಿ ಪೈಪು ನಾಲ್ಕೂವರೆ ಅಡಿ ಆಳದಲ್ಲಿದೆ. ಈ ರೂಮಿನ ನೆಲ ಅದಕ್ಕಿಂತಲೂ ಕೆಳಗೆ. ಅಲ್ಲಿ ಬಾತ್‌ರೂಮ್ ಇಟ್ಟರೆ ಕೊಳಕು ನೀರನ್ನು ಪಂಪಿನಿಂದ ಮೇಲೆತ್ತಬೇಕು. ಕರೆಂಟ್ ಹೋದ ದಿನ ಏನು ಗತಿ? ಅದಕ್ಕೆ ಬಾತ್‌ರೂಮ್ ಇಲ್ಲದ ರೂಮೇ ಸಾಕು ಅಂತ ಆಯಿತು. ಮಗಳ ಓದು, ಮೈದುನನ ಮರಗೆಲಸ, ಹಬ್ಬಕ್ಕೆ ನೆಂಟರು ಬಂದಾಗ ಊಟದ ಎಲೆ ಹಾಕೋಕೆ ಜಾಗ.

ಮಳೆ ಬಿಟ್ಟ ಮೇಲೆ ಎಂಜಿನಿಯರ್ ಎರಡು ಕಡೆ ಗುಂಡಿ ತೆಗೆಸಿ ಗಟ್ಟಿ ನೆಲ ಎಷ್ಟು ಆಳಕ್ಕೆ ಸಿಗುತ್ತದೆ ಅಂತ ನೋಡುತ್ತಾರೆ. ಅಷ್ಟರೊಳಗೆ ಈ ಅಳತೆಗಳನ್ನೆಲ್ಲ ಚೌಕುಳಿ ಹಾಳೆಯ ಮೇಲೆ ಬರೆದು ಅವರಿಗೆ ಕೊಡಬೇಕು. ರಸ್ತೆಯ ಎತ್ತರ ಎರಡೂ ಮೂಲೆಯಲ್ಲಿ ಬೇರೆ ಬೇರೆ ಅಂತ ಕೆಂಪು ಪೆನ್ನಿನಲ್ಲಿ ಗುರುತು ಹಾಕಿಟ್ಟಿದ್ದೇನೆ.