ಬ್ರೇಕ್ ಮೇಲೆ ಎರಡು ಕಾಲು

ಇವಾಲೋದಲ್ಲಿ ವಿಮಾನ ಇಳಿದಾಗ ಮೈನಸ್ 24 ಡಿಗ್ರಿ. ಮೊದಲ ಉಸಿರಿಗೇ ಮೂಗಿನೊಳಗೆ ಚುರುಕ್ ಅಂದಿತು. ನನ್ನ ತಮ್ಮ ಹೆಲ್ಸಿಂಕಿ ಪಕ್ಕದ ಎಸ್ಪೂನಲ್ಲಿ ಕೆಲಸದಲ್ಲಿದ್ದಾನೆ. "ಅಕ್ಕಾ, ಫೆಬ್ರವರಿಗೆ ಬಾ. ಡಿಸೆಂಬರ್‌ನಲ್ಲಿ ಅಲ್ಲಿ ಸೂರ್ಯನೇ ಹುಟ್ಟಲ್ಲ" ಅಂದಿದ್ದ. ನಿಜವೇ. ಫಿನ್ಲೆಂಡಿನ ಆ ಉತ್ತರದ ಮೂಲೆಯಲ್ಲಿ ಚಳಿಗಾಲದ ನಡುವೆ ತಿಂಗಳಿಗೂ ಜಾಸ್ತಿ ದಿನ ಸೂರ್ಯನ ಮುಖ ಕಾಣುವುದಿಲ್ಲ.

ಮರುದಿನ ಬೆಳಿಗ್ಗೆ ಸ್ಲೆಡ್, ಅಂದರೆ ಹಿಮದ ಮೇಲೆ ಜಾರುವ ಬಂಡಿ, ಎಳೆಯುವ ಹಸ್ಕಿ ನಾಯಿಗಳಿರುವ ಜಾಗಕ್ಕೆ ಹೋದೆವು. ನಾಯಿಗಳು ಕಾಣಿಸುವ ಮೊದಲೇ ಅವುಗಳ ಗಲಾಟೆ ಕೇಳಿಸಿತು. ನೀಲಿ ಕಣ್ಣು, ತುಪ್ಪಳದ ಮೈ ಅಂತೆಲ್ಲ ಅಂದುಕೊಂಡಿದ್ದೆ. ಇವು ಸಪೂರ ಮೈಯ, ಉದ್ದ ಕಾಲಿನ ಅಲಾಸ್ಕನ್ ಹಸ್ಕಿಗಳು. ಅಂದಕ್ಕಲ್ಲ, ಓಟಕ್ಕೆಂದೇ ಬೆರಕೆ ಮಾಡಿ ಬೆಳೆಸಿದವು. ಕಂದು, ಕಪ್ಪು, ಬೂದು, ಒಂದೊಂದು ಒಂದೊಂದು ಬಣ್ಣ.

ನಮ್ಮ ಸ್ಲೆಡ್‌ಗೆ ಆರು ನಾಯಿ. ಮುಂದಿನ ಜೋಡಿ ದಾರಿ ಹಿಡಿಯುವುದು, ಸ್ಲೆಡ್ ಪಕ್ಕದ ಜೋಡಿ ಭಾರ ಎಳೆಯುವುದು. ಹಿಂದಿನ ಎಡಗಡೆಯವಳ ಹೆಸರು ಲುಮಿ. ಫಿನ್ನಿಶ್‌ನಲ್ಲಿ ಹಿಮ ಅಂತ ಅರ್ಥ. ಅವಳ ಒಂದು ಕಿವಿ ಸ್ವಲ್ಪ ಮಡಚಿಕೊಂಡಿತ್ತು.

ಬಿದ್ದರೂ ಹಿಡಿ ಬಿಡಬೇಡಿ, ನಾಯಿಗಳು ನಿಮಗಾಗಿ ನಿಲ್ಲುವುದಿಲ್ಲ ಅಂತ ಗೈಡ್ ಹುಡುಗಿ ಎರಡು ಸಲ ಹೇಳಿದಳು. ತಮ್ಮ ಮುಂದೆ ಕಂಬಳಿ ಹೊದ್ದು ಕೂತ. ನಾನು ಹಿಂದೆ, ಸ್ಲೆಡ್ ಜಾರುವ ಎರಡು ಉದ್ದನೆಯ ಪಟ್ಟಿಗಳ ಮೇಲೆ ನಿಂತೆ. ನಡುವೆ ಹಿಮಕ್ಕೆ ಕಚ್ಚುವ ಕಬ್ಬಿಣದ ಬ್ರೇಕ್. ಎರಡೂ ಕಾಲು ಅದರ ಮೇಲಿಟ್ಟು ಪೂರಾ ಭಾರ ಹಾಕಿದರೂ ಸ್ಲೆಡ್ ಜಗ್ಗುತ್ತಲೇ ಇತ್ತು. ಆರೂ ನಾಯಿಗಳು ಎಗರಾಡಿ, ಹಗ್ಗ ಕಚ್ಚಿ, ಅರಚುತ್ತಿದ್ದವು.

ಗೈಡ್ ಕೈ ಬೀಸಿದಳು. ಕಾಲು ಎತ್ತಿದೆ.

ಆ ಕ್ಷಣವೇ ಗಲಾಟೆ ನಿಂತುಹೋಯಿತು. ಒಂದೇ ಒಂದು ಬೊಗಳು ಇಲ್ಲ. ಹಿಮದ ಮೇಲೆ ಪಟ್ಟಿ ಸರಿಯುವ ಸದ್ದು, ಇಪ್ಪತ್ನಾಲ್ಕು ಕಾಲುಗಳ ಮೆತ್ತನೆಯ ತಾಳ, ಏದುಸಿರು, ಅಷ್ಟೇ. ಎರಡೂ ಕಡೆ ಪೈನ್, ಸ್ಪ್ರೂಸ್ ಮರಗಳು ಹಿಮದ ಭಾರಕ್ಕೆ ತಲೆ ಬಗ್ಗಿಸಿ ನಿಂತಿದ್ದವು. ಓಡುತ್ತಲೇ ನಾಯಿಗಳು ಪಕ್ಕಕ್ಕೆ ಬಾಯಿ ಹಾಕಿ ಹಿಮ ಕಚ್ಚಿ ನುಂಗುತ್ತಿದ್ದವು. ಬಾಯಾರಿಕೆಗೆ ಅದೇ ನೀರು.

ಆಮೇಲೆ ಒಂದು ಇಳಿಜಾರು. ಕಾಡು ನೋಡುತ್ತಾ ನಾನು ಬ್ರೇಕ್ ಮರೆತೆ. ಸ್ಲೆಡ್ ನಾಯಿಗಳಿಗಿಂತ ವೇಗವಾಗಿ ಜಾರಿತು, ಬಿಗಿಯಾಗಿದ್ದ ಹಗ್ಗ ಸಡಿಲವಾಯಿತು. ಲುಮಿ ಓಡುತ್ತಲೇ ಕತ್ತು ತಿರುಗಿಸಿ ನನ್ನನ್ನು ನೋಡಿದಳು. ಅವಳ ಹಿಂಗಾಲಿಗೂ ಸ್ಲೆಡ್‌ಗೂ ಒಂದು ಮೊಳವೂ ಅಂತರ ಇರಲಿಲ್ಲ. ಎದೆ ಧಸಕ್ ಅಂತು. ಎರಡೂ ಕಾಲಲ್ಲಿ ತುಳಿದೆ. ಹಗ್ಗ ಮತ್ತೆ ಬಿಗಿಯಾಯಿತು. ಇವುಗಳನ್ನು ಓಡಿಸುವುದು ನನ್ನ ಕೆಲಸ ಅಲ್ಲವೇ ಅಲ್ಲ, ಆ ಹಗ್ಗ ಸಡಿಲವಾಗದಂತೆ ಕಾಯುವುದೇ ನನ್ನ ಕೆಲಸ ಅಂತ ಆಗ ತಿಳಿಯಿತು. ಅಲ್ಲಿಂದ ಮುಂದೆ ಕಣ್ಣು ಆ ಹಗ್ಗದ ಮೇಲೇ. ಏರು ಬಂದಾಗ ಇಳಿದು, ಹಿಡಿ ಬಿಡದೆ ತಳ್ಳಿದೆ.

ಅರ್ಧ ದಾರಿಯಲ್ಲಿ ಬೆಂಕಿ ಹಾಕಿ ಬಿಸಿ ಬೆರ್ರಿ ಜ್ಯೂಸ್ ಕೊಟ್ಟರು. ಇಲ್ಲಿನ ಮೂಲನಿವಾಸಿಗಳಾದ ಸಾಮಿ ಜನ ಹಿಂದಿನಿಂದ ಸ್ಲೆಡ್‌ಗೆ ಕಟ್ಟುತ್ತಿದ್ದುದು ಹಿಮಸಾರಂಗವನ್ನು. ಹಸ್ಕಿ ಸವಾರಿ ಪ್ರವಾಸಿಗರಿಗಾಗಿ ಬೆಳೆದದ್ದು. ನಮ್ಮಂಥವರು ಇದನ್ನೇ ಅವರ ಸಂಪ್ರದಾಯ ಅಂದುಕೊಂಡು ವಾಪಸ್ ಹೋಗಬಾರದು ಅನಿಸಿತು.

ಅಷ್ಟರಲ್ಲಿ ಲುಮಿ ಮುಂಗಾಲು ನೆಕ್ಕುತ್ತಾ, ಕಚ್ಚುತ್ತಾ ಇದ್ದಳು. ಬೆರಳುಗಳ ನಡುವೆ ಕಡಲೆ ಗಾತ್ರದ ಹಿಮದ ಉಂಡೆಗಳು, ಕೂದಲಿಗೆ ಅಂಟಿ ಕಲ್ಲಾಗಿದ್ದವು. ಕಿತ್ತರೆ ನೋವಾಗುತ್ತದೆ, ಬೆರಳ ಬಿಸಿಗೆ ಕರಗಿಸಿ ಅಂದಳು ಗೈಡ್. ಗ್ಲೌಸ್ ತೆಗೆದು ಕೂತೆ. ಎರಡು ಉಂಡೆ ಕರಗುವಷ್ಟರಲ್ಲಿ ನನ್ನ ಬೆರಳು ಮರಗಟ್ಟಿದವು. ಪಾದದ ಅಡಿ ಮಾತ್ರ ಬೆಚ್ಚಗಿತ್ತು. ಅವಳು ಕಾಲು ಎಳೆದುಕೊಳ್ಳಲಿಲ್ಲ.

ವಾಪಸ್ ಬರುವಾಗ ತಮ್ಮ ಓಡಿಸಿದ. ನಾನು ಕಂಬಳಿಯೊಳಗಿಂದ ಪ್ರತಿ ಇಳಿಜಾರಿಗೂ "ಬ್ರೇಕ್, ಬ್ರೇಕ್ ಕಣೋ" ಅಂತ ಕೂಗುತ್ತಲೇ ಇದ್ದೆ.

ಎದೆಪಟ್ಟಿ ಬಿಚ್ಚುವಾಗ ಲುಮಿ ನನ್ನ ಮೊಣಕಾಲಿಗೆ ಒರಗಿ ನಿಂತಳು. ಅವಳ ಮುಂಗಾಲು ಎತ್ತಿ, ಬೆರಳು ಬಿಡಿಸಿ ನೋಡಿದೆ. ಹಿಮ ಇರಲಿಲ್ಲ.