ಹೇಮಾವತಿಯ ದಡದಲ್ಲಿ ಎರಡು ಚಂದ್ರ

ಕಣ್ಣಿನ ಮೂಲೆಯನ್ನು ತೋರುಬೆರಳಿನಿಂದ ಮೆಲ್ಲಗೆ ಒತ್ತಿಕೊಂಡು ಚಂದ್ರನನ್ನು ನೋಡಿ ಎಂದು ನಮ್ಮ ಕನ್ನಡ ಮೇಷ್ಟ್ರು ಹೇಳಿದ್ದು 1972ರ ಒಂದು ಹುಣ್ಣಿಮೆಯ ರಾತ್ರಿ, ಹೊಳೆನರಸೀಪುರದ ಹೇಮಾವತಿಯ ಮರಳಿನ ಮೇಲೆ. ಹಾಸ್ಟೆಲಿನ ನಾವು ಏಳೆಂಟು ಹುಡುಗರು ಒತ್ತಿಕೊಂಡು ನೋಡಿದೆವು. ಚಂದ್ರ ಎರಡಾಗಿ ಕಂಡ. "ಎರಡನೆಯ ಚಂದ್ರ ಯಾವುದರಿಂದ ಆಗಿದೆ, ಹೇಳಿ ನೋಡೋಣ" ಎಂದರು ಮೇಷ್ಟ್ರು. ಮೊದಲನೆಯದರ ತುಂಡೇ ಇರಬೇಕು ಸಾರ್ ಎಂದು ಒಬ್ಬ ಹೇಳಿದ. ಎಲ್ಲರೂ ನಕ್ಕರು, ಮೇಷ್ಟ್ರು ಮಾತ್ರ ನಗಲಿಲ್ಲ. ಬೆರಳು ತೆಗೆಯಿರಿ ಎಂದರು. ತೆಗೆದೆವು. "ಈಗ ಅದು ಎಲ್ಲಿಗೆ ಹೋಯಿತು?"

ಈ ದೃಷ್ಟಾಂತ ಮೇಷ್ಟ್ರದಲ್ಲ. ಬ್ರಹ್ಮಸೂತ್ರಭಾಷ್ಯದ ಆರಂಭದಲ್ಲಿರುವ ಅಧ್ಯಾಸಭಾಷ್ಯದಲ್ಲಿ, ಅಂದರೆ ಒಂದನ್ನು ಇನ್ನೊಂದೆಂದು ತಿಳಿಯುವ ಭ್ರಮೆಯನ್ನು ವಿಚಾರಿಸುವ ಭಾಗದಲ್ಲಿ, ಶಂಕರಾಚಾರ್ಯರು ಕಪ್ಪೆಚಿಪ್ಪು ಬೆಳ್ಳಿಯಂತೆ ತೋರುವುದನ್ನೂ ಒಬ್ಬನೇ ಚಂದ್ರ ಇಬ್ಬರಂತೆ ತೋರುವುದನ್ನೂ ಹೇಳುತ್ತಾರೆ. ಮೇಷ್ಟ್ರು ಅದನ್ನು ಓದಿಕೊಂಡದ್ದು ನಮ್ಮೂರಿನಿಂದಲೇ ಹೊರಡುತ್ತಿದ್ದ 'ಅಧ್ಯಾತ್ಮ ಪ್ರಕಾಶ' ಮಾಸಪತ್ರಿಕೆಯ ಮೂಲಕ. ಬೆರಳೊಂದು ಅವರ ಸ್ವಂತ ಸೇರ್ಪಡೆಯಾಗಿತ್ತು.

ಆ ಪತ್ರಿಕೆಯ ಹಿಂದಿದ್ದವರು ಶ್ರೀ ಸಚ್ಚಿದಾನಂದೇಂದ್ರ ಸರಸ್ವತೀ ಸ್ವಾಮಿಗಳು. 1880ರಲ್ಲಿ ಹುಟ್ಟಿ, ಪೂರ್ವಾಶ್ರಮದಲ್ಲಿ ಯಲ್ಲಂಬಳಸೆ ಸುಬ್ರಹ್ಮಣ್ಯ ಶರ್ಮರೆಂದು ಹೆಸರಾಗಿ, ಶಾಲಾ ಉಪಾಧ್ಯಾಯರಾಗಿ ದುಡಿದು, 1920ರಲ್ಲಿ ಬೆಂಗಳೂರಿನಲ್ಲಿ ಅಧ್ಯಾತ್ಮ ಪ್ರಕಾಶ ಕಾರ್ಯಾಲಯವನ್ನು ಸ್ಥಾಪಿಸಿದ ಅವರು, 1937ರಲ್ಲಿ ಅದನ್ನು ಹೊಳೆನರಸೀಪುರಕ್ಕೆ ತಂದರು. 1948ರಲ್ಲಿ ಸಂನ್ಯಾಸ ಸ್ವೀಕರಿಸಿದರು. ನಾನು ಶಾಲೆಗೆ ಸೇರುವ ಹೊತ್ತಿಗೆ ಅವರಿಗೆ ತೊಂಬತ್ತು ದಾಟಿತ್ತು. ಒಮ್ಮೆ ಮೇಷ್ಟ್ರ ಹಿಂದೆ ಹೋಗಿ ದೂರದಿಂದ ನಮಸ್ಕಾರ ಮಾಡಿದ್ದುಂಟು. ಮಾತನಾಡುವ ಧೈರ್ಯವೂ ನನಗಿರಲಿಲ್ಲ, ಕೇಳಲು ಪ್ರಶ್ನೆಯೂ ಇರಲಿಲ್ಲ.

ಪ್ರಶ್ನೆ ಹುಟ್ಟಿದ್ದು ಬಹಳ ವರ್ಷಗಳ ಮೇಲೆ, 1929ರಲ್ಲಿ ಅವರು ಸಂಸ್ಕೃತದಲ್ಲಿ ಪ್ರಕಟಿಸಿದ 'ಮೂಲಾವಿದ್ಯಾನಿರಾಸ'ದ ವಿಷಯ ತಿಳಿದಾಗ. ಮಡಕೆಗೆ ಮಣ್ಣಿನಂತೆ ಪ್ರಪಂಚಕ್ಕೆಲ್ಲ ಉಪಾದಾನವಾದ, ಭಾವರೂಪದ, ಅಂದರೆ ಒಂದು ವಸ್ತುವಿನಂತೆ ನಿಜವಾಗಿ ಇರುವ, ಮೂಲಾವಿದ್ಯೆ ಎಂಬ ಮೂಲ ಅಜ್ಞಾನವೊಂದಿದೆ ಎಂದು ಶಂಕರರ ನಂತರದ ವ್ಯಾಖ್ಯಾನಕಾರರು ಕಟ್ಟಿದ ವಾದ ಶಂಕರರದಲ್ಲ, ಆತ್ಮ ಅನಾತ್ಮಗಳನ್ನು ಒಂದರೊಡನೊಂದು ಬೆರೆಸಿ ತಿಳಿಯುವ ಅಧ್ಯಾಸವನ್ನೇ ಅವರು ಅವಿದ್ಯೆ ಎಂದು ಕರೆದಿದ್ದಾರೆ ಎಂಬುದು ಅದರ ಸಾರ. ಪಂಡಿತರು ಒಪ್ಪಲಿಲ್ಲ, ವಿವಾದ ಇಂದಿಗೂ ಮುಗಿದಿಲ್ಲ. ಅದರಲ್ಲಿ ತೀರ್ಪು ಕೊಡುವ ಪಾಂಡಿತ್ಯ ನನಗಿಲ್ಲ. ಆದರೆ ಎರಡನೆಯ ಚಂದ್ರ ಯಾವುದರಿಂದ ಆಗಿದೆ ಎಂಬ ಪ್ರಶ್ನೆಯನ್ನು ಮರಳ ಮೇಲೆ ಕೂತು ಕೇಳಿಸಿಕೊಂಡಿದ್ದ ನನಗೆ, ಇಲ್ಲದ್ದಕ್ಕೆ ಉಪಾದಾನವನ್ನು ಹುಡುಕಬೇಡಿ ಎಂಬ ಮಾತು ಹೊಸದೆನಿಸಲಿಲ್ಲ.

ಸ್ವಾಮಿಗಳ ಕನ್ನಡ ಸುಲಭವೆಂದರೆ ಸುಳ್ಳಾಗುತ್ತದೆ. ಕಥೆ, ಚಮತ್ಕಾರ, ಎದೆ ಕರಗಿಸುವ ಮಾತು ಅಲ್ಲಿ ಸಿಗುವುದಿಲ್ಲ. ಇನ್ನೂರಕ್ಕೂ ಹೆಚ್ಚು ಗ್ರಂಥಗಳನ್ನು ಬರೆದ ಅವರು ಪ್ರಸ್ಥಾನತ್ರಯದ, ಎಂದರೆ ಉಪನಿಷತ್ತು, ಭಗವದ್ಗೀತೆ, ಬ್ರಹ್ಮಸೂತ್ರಗಳ, ಶಾಂಕರಭಾಷ್ಯವನ್ನು ಕನ್ನಡಕ್ಕೆ ತಂದಾಗ, ವೇದಾಂತವನ್ನು ಓದುಗನ ಮಟ್ಟಕ್ಕೆ ಇಳಿಸುವುದಕ್ಕಿಂತ, ಸಂಸ್ಕೃತ ಬಾರದವನೂ ಮೆಟ್ಟಿಲು ಮೆಟ್ಟಿಲಾಗಿ ಹತ್ತಿಬರುವಂತೆ ಅಡಿಟಿಪ್ಪಣಿಗಳ ಆಸರೆ ಕೊಟ್ಟರು. ನನ್ನಂಥ ಲೆಕ್ಕಪತ್ರದ ಗುಮಾಸ್ತನಿಗೆ ಒಂದು ಪುಟಕ್ಕೆ ಒಂದು ಸಂಜೆ ಹಿಡಿಯುತ್ತಿತ್ತು. ಅದು ಪುಸ್ತಕದ ದೋಷವೆಂದು ನನಗೆಂದೂ ಅನ್ನಿಸಿಲ್ಲ.

ಅವರು ಹೆಚ್ಚಾಗಿ ನೆಚ್ಚಿದ್ದು ಅವಸ್ಥಾತ್ರಯದ ವಿಚಾರವನ್ನು. ಎಚ್ಚರ, ಕನಸು, ತನಿನಿದ್ರೆ ಈ ಮೂರೂ ಯಾರಿಗೂ ಹೊಸದಲ್ಲ, ನಂಬಿಕೆಯ ಮಾತೂ ಅಲ್ಲ. ಎಚ್ಚರದ ಕಡೆಯಿಂದಲೇ ಉಳಿದೆರಡನ್ನೂ ಅಳೆಯುವ ನಮ್ಮ ಅಭ್ಯಾಸವನ್ನು ಬಿಟ್ಟು, ಮೂರನ್ನೂ ಸಮನಾಗಿ ಎದುರಿಗಿಟ್ಟುಕೊಂಡು ಪೂರ್ಣಾನುಭವವನ್ನು ನೋಡಬೇಕೆಂಬ ಈ ದಾರಿಯಲ್ಲಿ ಅವರಿಗೆ ಹಿರಿಯರಾಗಿದ್ದವರು ವೇದಾಂತ ಚಿಂತಕ ಕೆ.ಎ. ಕೃಷ್ಣಸ್ವಾಮಿ ಅಯ್ಯರ್. ಮೇಷ್ಟ್ರು ಇದನ್ನೂ ಬಿಟ್ಟಿರಲಿಲ್ಲ. ಬೆಳಗಿನ ಪ್ರಾರ್ಥನೆಗೆ ತಡವಾಗಿ ಬಂದು, ಚೆನ್ನಾಗಿ ನಿದ್ದೆ ಬಂದುಬಿಟ್ಟಿತ್ತು ಸಾರ್, ಏನೂ ಗೊತ್ತಾಗಲಿಲ್ಲ ಎಂದ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿ, ಏನೂ ಗೊತ್ತಾಗದಿದ್ದರೆ ಚೆನ್ನಾಗಿತ್ತೆಂದು ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿದ್ದರು. ಉತ್ತರ ಹೇಳುವವರೆಗೆ ಇಳಿಯಬೇಡ ಎಂದರು. ಗಂಟೆ ಹೊಡೆದ ಮೇಲೆ ಇಳಿದೆ, ಉತ್ತರವಿಲ್ಲದೆ.

ಸ್ವಾಮಿಗಳು 1975ರಲ್ಲಿ ದೇಹ ಬಿಟ್ಟರು. ಆಗ ನಾನು ಊರಿನಲ್ಲಿರಲಿಲ್ಲ. ಮೇಷ್ಟ್ರಿಂದ ಎರವಲು ತಂದಿದ್ದ ಪತ್ರಿಕೆಯ ಸಂಚಿಕೆಯೊಂದು ನನ್ನ ಟ್ರಂಕಿನಲ್ಲೇ ಉಳಿದು, ಒಂದು ಮಳೆಗಾಲದಲ್ಲಿ ನೆನೆದು, ಹಾಳೆಗಳು ಅಂಟಿಕೊಂಡವು. ಹಿಂತಿರುಗಿಸಲು ಮುಖವಿಲ್ಲದೆ ಸುಮ್ಮನಾದೆ.

ನಿವೃತ್ತನಾದ ಮೇಲೆ ಬೆಂಗಳೂರಿನ ತ್ಯಾಗರಾಜನಗರದಲ್ಲಿರುವ ಕಾರ್ಯಾಲಯದ ಶಾಖೆಗೆ ಹೋಗಿ ಸೂತ್ರಭಾಷ್ಯದ ಕನ್ನಡ ಅನುವಾದವನ್ನು ಕೇಳಿದೆ. ಕೊಟ್ಟವರು ಚೀಟಿ ಬರೆಯುತ್ತಿರುವಾಗಲೇ ಮೊದಲ ಪುಟಗಳನ್ನು ತಿರುವಿ ಆ ಚಂದ್ರನನ್ನು ಹುಡುಕಿದೆ. ಸಿಕ್ಕಿತು. ಬೆರಳು ತಾನಾಗಿಯೇ ಕಣ್ಣಿನ ಮೂಲೆಗೆ ಹೋಗಿರಬೇಕು. "ಕಣ್ಣಿಗೇನಾದರೂ ಬಿತ್ತೇ?" ಎಂದು ಅವರು ಪೆನ್ನು ಕೆಳಗಿಟ್ಟು ಕೇಳಿದರು.